ಚೆಂಡಿನ ಜಾತಕ

ನಾಳೆಯ ಸಂಗತಿಯನ್ನು ಇಂದೇ ಹೇಳಿಬಿಡಬೇಕೆಂಬ ಚಪಲ ಮನುಷ್ಯನಿಗೆ ಎಂದು ಹುಟ್ಟಿತೋ ಬಲ್ಲವರಾರು? ಮಳೆ, ಬೆಳೆ, ಮದುವೆ, ಸಂತಾನ, ಚುನಾವಣೆ ಇವೆಲ್ಲವೂ ಆ ಚಪಲಕ್ಕೆ ಹಳೆಯ ಆಹಾರ. ತುಳುನಾಡಿನಲ್ಲಿ ಕೋಳಿ ಅಂಕಕ್ಕೂ ಒಂದು ಪಂಚಾಂಗವುಂಟು. ಯಾವ ದಿನ ಯಾವ ಬಣ್ಣದ ಹುಂಜ ಯಾವ ಬಣ್ಣದ ಹುಂಜವನ್ನು ಗೆಲ್ಲುವುದೆಂದು ಅದನ್ನು ನೋಡಿ ಹೇಳುವ ಪಂಡಿತರೂ ಉಂಟು. ಹೀಗಿರುವಾಗ ಕಾಲ್ಚೆಂಡಾಟದ ವಿಶ್ವಕಪ್ಪಿನ ಅಂತಿಮ ಪಂದ್ಯ ಸಮೀಪಿಸಿತೆಂದರೆ ಜಗತ್ತಿನ ಮುಕ್ಕಾಲು ಪಾಲು ಜನ ಜ್ಯೋತಿಷಿಗಳಾಗುವುದರಲ್ಲಿ ಆಶ್ಚರ್ಯವೇನಿದೆ?

ಮನುಷ್ಯರ ಮಾತಿರಲಿ, ೨೦೧೦ರಲ್ಲಿ ಜರ್ಮನಿಯ ಓಬರ್‌ಹೌಸೆನ್ ನಗರದ ಮತ್ಸ್ಯಾಗಾರದಲ್ಲಿದ್ದ ಪೌಲ್ ಎಂಬ ಆಕ್ಟೋಪಸ್ಸು ಈ ವೃತ್ತಿಯನ್ನು ಕೈಗೊಂಡಿತು. ‘ಕೈಗೊಂಡಿತು’ ಎನ್ನಲು ಅದಕ್ಕೆ ಕೈಗಳೇನೂ ಕಡಮೆಯಿರಲಿಲ್ಲವಷ್ಟೆ! ಎರಡು ದೇಶಗಳ ಬಾವುಟ ಅಂಟಿಸಿದ ಎರಡು ಪೆಟ್ಟಿಗೆಗಳಲ್ಲಿ ಆಹಾರವಿಟ್ಟು ನೀರಿಗೆ ಇಳಿಸಿದರೆ, ಅದು ಯಾವ ಪೆಟ್ಟಿಗೆಗೆ ಮೊದಲು ಕೈಯಿಕ್ಕುವುದೋ ಆ ದೇಶಕ್ಕೆ ಜಯ. ಜರ್ಮನಿಯ ಏಳು ಪಂದ್ಯಗಳನ್ನೂ, ಸ್ಪೇನ್ ಗೆದ್ದ ಅಂತಿಮ ಪಂದ್ಯವನ್ನೂ ಅದು ಒಂದೂ ತಪ್ಪದಂತೆ ಸೂಚಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೀರ್ತಿಶೇಷವಾಯಿತು. ಅದರಲ್ಲಿ ನಾನು ಮೆಚ್ಚಿದ ಗುಣವೆಂದರೆ, ತನ್ನ ಆಯ್ಕೆಗೆ ಅದು ಯಾವ ಕಾರಣವನ್ನೂ ಕೊಡಲಿಲ್ಲ.

ಫಲ ಹೇಳುವವರಲ್ಲಿ ಎರಡು ಪಂಗಡ. ಇಂಥವರು ಗೆಲ್ಲುವರು, ಇಷ್ಟು ಗೋಲು ಬರುವುದು ಎಂದು ಹೇಳಿ ಕೈತೊಳೆದುಕೊಳ್ಳುವವರು ಮೊದಲನೆಯವರು. ಅವರು ಆಕ್ಟೋಪಸ್ಸಿನ ಗೋತ್ರದವರು. ಎರಡನೆಯ ಪಂಗಡದವರು ಹಾಗಲ್ಲ. ಯಾರು ಯಾರನ್ನು ಕಾಯುವರು, ಯಾವ ಬದಿಯಿಂದ ದಾಳಿ ಬರುವುದು, ಯಾರ ಕಾಲು ಎಷ್ಟನೆಯ ನಿಮಿಷಕ್ಕೆ ಸೋಲುವುದು, ತರಬೇತುದಾರನು ಯಾರನ್ನು ಒಳಗೆ ಕರೆದು ಯಾರನ್ನು ಹೊರಗೆ ಕಳಿಸುವನು ಎಂಬುದನ್ನೆಲ್ಲ ಬಿಡಿಸಿ ಹೇಳಿ, ಕೊನೆಗೆ ‘ಆದುದರಿಂದ’ ಎಂಬ ಮಾತಿನೊಡನೆ ಫಲವನ್ನು ನುಡಿಯುವವರು ಇವರು. ನಾನು ಇವರ ಮಾತನ್ನು ಬಹುಕಾಲದಿಂದ ಆಸೆಯಿಂದ ಕೇಳುತ್ತ ಬಂದವನು. ಸ್ವತಃ ಭವಿಷ್ಯ ನುಡಿಯುವ ಗೋಜಿಗೆ ಹೋಗುವವನಲ್ಲ. ಕೇಳುವ ಸುಖವೇ ನನಗೆ ಸಾಕು. ಆದರೆ ಕೇಳುತ್ತ ಕೇಳುತ್ತ ನನ್ನ ಮನಸ್ಸಿನಲ್ಲಿ ಒಂದು ಸಂದೇಹ ಬೇರೂರಿದೆ. ಇವರ ‘ಆದುದರಿಂದ’ಕ್ಕೆ ಆಧಾರವಾವುದು? ಹಿಂದೆ ನಡೆದ ಪಂದ್ಯಗಳು. ಬೇರೆ ಆಧಾರ ಯಾರಿಗೆ ತಾನೆ ಉಂಟು? ಆದರೆ ಅಂತಿಮ ಪಂದ್ಯಕ್ಕೆ ಬಂದು ನಿಂತ ಎರಡು ತಂಡಗಳಲ್ಲಿ ಒಂದಾದರೂ, ಎದುರಾಳಿಯು ಆ ಹಳೆಯ ಪಂದ್ಯಗಳನ್ನೇ ನಂಬಿಕೊಂಡಿರಲಿ ಎಂದು ಹಾರೈಸುತ್ತಿರುತ್ತದೆ. ಸಾಕ್ಷಿಯೇ ಸಂಚಿನಲ್ಲಿ ಪಾಲುಗೊಂಡಿದ್ದರೆ ನ್ಯಾಯಾಧೀಶನು ಮಾಡುವುದೇನು?

ಈ ಮಾತಿಗೆ ೧೯೫೪ರ ಬರ್ನ್ ನಗರದ ಪಂದ್ಯಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು.

ಆ ವರ್ಷ ಸ್ವಿಟ್ಜರ್ಲೆಂಡಿಗೆ ಬಂದ ಹಂಗೇರಿಯ ತಂಡವನ್ನು ಸೋಲಿಸುವವರು ಭೂಮಿಯ ಮೇಲೆ ಇದ್ದಾರೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾಲ್ಕು ವರ್ಷಗಳಿಂದ ಅವರು ಸೋಲನ್ನು ಕಂಡಿರಲಿಲ್ಲ. ೧೯೫೨ರಲ್ಲಿ ಹೆಲ್ಸಿಂಕಿಯಲ್ಲಿ ಒಲಿಂಪಿಕ್ ಚಿನ್ನ ಅವರದಾಗಿತ್ತು. ೧೯೫೩ರ ನವೆಂಬರಿನಲ್ಲಿ ಲಂಡನ್ನಿನ ವೆಂಬ್ಲಿ ಮೈದಾನಕ್ಕೇ ಹೋಗಿ, ಆಟದ ತೌರುಮನೆಯೆನಿಸಿದ ಇಂಗ್ಲೆಂಡನ್ನು ೬-೩ರಿಂದ ಸೋಲಿಸಿದ್ದರು. ಮರುವರ್ಷ ಮೇ ತಿಂಗಳಲ್ಲಿ ಬುಡಾಪೆಸ್ಟಿಗೆ ಬಂದ ಅದೇ ಇಂಗ್ಲೆಂಡನ್ನು ೭-೧ರಿಂದ ಹಿಂದಕ್ಕೆ ಕಳಿಸಿದ್ದರು. ಅವರ ಗುಟ್ಟು ಹಿಡೆಕುಟಿ ಎಂಬ ಆಟಗಾರನಲ್ಲಿತ್ತು. ಅವನ ಅಂಗಿಯ ಬೆನ್ನಿನ ಮೇಲಿದ್ದುದು ಸೆಂಟರ್ ಫಾರ್ವರ್ಡಿನ ಅಂಕಿ. ಆದರೆ ಅವನು ನಿಲ್ಲುತ್ತಿದ್ದುದು ಮುಂದಲ್ಲ, ಹಿಂದೆ. ಅವನನ್ನು ಕಾಯಬೇಕಾದ ಇಂಗ್ಲೆಂಡಿನ ಸೆಂಟರ್ ಹಾಫನು ಅವನ ಬೆನ್ನಟ್ಟಿ ಹೋದರೆ ನಡುವೆ ಬಾಗಿಲು ತೆರೆದಂತೆ. ಹೋಗದಿದ್ದರೆ ಹಿಡೆಕುಟಿಗೆ ಕಾವಲೇ ಇಲ್ಲದಂತೆ. ತೆರೆದ ಬಾಗಿಲಲ್ಲಿ ನುಗ್ಗಲು ಪುಷ್ಕಾಷ್, ಕೋಚಿಷ್ ಇಬ್ಬರೂ ಸಿದ್ಧರಾಗಿರುತ್ತಿದ್ದರು.

ವಿಶ್ವಕಪ್ಪಿನಲ್ಲಿ ಮೊದಲು ದಕ್ಷಿಣ ಕೊರಿಯವನ್ನು ೯-೦, ಬಳಿಕ ಪಶ್ಚಿಮ ಜರ್ಮನಿಯನ್ನು ೮-೩ ಅಂತರದಿಂದ ಅವರು ಮಣಿಸಿದರು. ಕ್ವಾರ್ಟರ್ ಫೈನಲಿನಲ್ಲಿ ಬ್ರೆಜಿಲ್, ಸೆಮಿಫೈನಲಿನಲ್ಲಿ ಹಿಂದಿನ ಬಾರಿಯ ವಿಜೇತ ಉರುಗ್ವೆ, ಎರಡೂ ೪-೨. ನಾಲ್ಕು ಪಂದ್ಯಗಳಲ್ಲಿ ಇಪ್ಪತ್ತೈದು ಗೋಲು! ಜುಲೈ ೪ರ ಅಂತಿಮ ಪಂದ್ಯದಲ್ಲಿ ಎದುರಾಗಿ ಬಂದವರು ಯಾರು? ಹದಿನಾಲ್ಕು ದಿನಗಳ ಹಿಂದೆ ಎಂಟು ಗೋಲು ತಿಂದ ಅದೇ ಪಶ್ಚಿಮ ಜರ್ಮನಿ. ಇಂಥ ಜಾತಕವನ್ನು ನೋಡಿ ಫಲ ಹೇಳಲು ಯಾವ ಪಂಡಿತನು ಬೇಕು?

ಆದರೆ ಆ ೮-೩ರ ಒಳಗೆ ಏನಿತ್ತೆಂಬುದನ್ನು ನೋಡಬೇಕು. ಆ ವರ್ಷದ ನಿಯಮಗಳು ವಿಚಿತ್ರವಾಗಿದ್ದವು. ಗುಂಪಿನಲ್ಲಿ ಹಂಗೇರಿ ಮತ್ತು ತುರ್ಕಿಗಳಿಗೆ ಅಗ್ರಪಟ್ಟ ಕೊಟ್ಟು, ಅವರಿಬ್ಬರೂ ಪರಸ್ಪರ ಆಡದಂತೆ, ಉಳಿದ ಇಬ್ಬರೊಡನೆ ಮಾತ್ರ ಆಡುವಂತೆ ಏರ್ಪಾಡಾಗಿತ್ತು. ಜರ್ಮನಿಯು ತುರ್ಕಿಯನ್ನು ಮೊದಲೇ ಸೋಲಿಸಿತ್ತು. ಹಂಗೇರಿಯೊಡನೆ ಸೋತರೂ ತುರ್ಕಿಯ ಮೇಲೆ ಇನ್ನೊಂದು ಪಂದ್ಯವಾಡಿ ಮೇಲೇರುವ ದಾರಿ ತೆರೆದಿತ್ತು. ಜರ್ಮನ್ ತರಬೇತುದಾರ ಸೆಪ್ ಹೆರ್ಬರ್ಗರನು ಈ ಲೆಕ್ಕವನ್ನು ಮುಂದಿಟ್ಟುಕೊಂಡು ಬಾಸೆಲ್ ನಗರದ ಆ ಪಂದ್ಯಕ್ಕೆ ಅರ್ಧ ತಂಡವನ್ನು ಕಳಿಸಿದನು. ಗೋಲ್‌ಕೀಪರ್ ಟುರೆಕ್, ಮೊರ್ಲಾಕ್, ಶೇಫರ್, ಒಟ್ಮಾರ್ ವಾಲ್ಟರ್ ಮುಂತಾದವರು ಅಂದು ಆಡಲೇ ಇಲ್ಲ. ಸ್ವದೇಶದಿಂದ ಬೈಗುಳದ ಪತ್ರಗಳು ಬಂದು ಬಿದ್ದವು. ಹೆರ್ಬರ್ಗರನು ಬಾಯಿ ಬಿಡಲಿಲ್ಲ. ಮೂರೇ ದಿನಗಳಲ್ಲಿ ತುರ್ಕಿಯನ್ನು ೭-೨ರಿಂದ ಸೋಲಿಸಿ ಅವನ ತಂಡ ಮುಂದಕ್ಕೆ ನಡೆಯಿತು. ಅದೇ ೮-೩ರ ಪಂದ್ಯದಲ್ಲಿ ಲೀಬ್ರಿಚ್ ಎಂಬ ಜರ್ಮನ್ ರಕ್ಷಕನ ಒದೆತ ತಗುಲಿ ಪುಷ್ಕಾಷನ ಕಾಲಿನ ಗಿಣ್ಣು ಊದಿಕೊಂಡಿತು. ಮುಂದಿನ ಎರಡು ಪಂದ್ಯಗಳಲ್ಲಿ ಅವನು ಹೊರಗೆ ಕೂರಬೇಕಾಯಿತು. ಆ ಒದೆತ ಉದ್ದೇಶಪೂರ್ವಕವೋ ಅಲ್ಲವೋ ಎಂಬ ವಾದಕ್ಕೆ ಇಂದಿಗೂ ಮುಕ್ತಾಯವಿಲ್ಲ. ಆ ವಾದಕ್ಕೆ ನಾನು ಇಳಿಯುವುದಿಲ್ಲ.

ಅಂತಿಮ ಪಂದ್ಯದ ದಿನ ಮಧ್ಯಾಹ್ನ ಮಳೆ ಹಿಡಿಯಿತು. ಜರ್ಮನ್ ನಾಯಕ ಫ್ರಿಟ್ಸ್ ವಾಲ್ಟರನಿಗೆ ಯುದ್ಧಕಾಲದಲ್ಲಿ ಮಲೇರಿಯ ತಗುಲಿ, ಬಿಸಿಲಿನಲ್ಲಿ ಆಟ ಕುಂದುತ್ತಿತ್ತು; ಮಳೆಯೆಂದರೆ ಅವನಿಗೆ ಹಬ್ಬ. ಆಡಿ ಡಾಸ್ಲರ್ ಎಂಬ ಪಾದರಕ್ಷೆಯ ತಯಾರಕನು ಜರ್ಮನ್ ತಂಡದ ಬೂಟುಗಳಿಗೆ ತಿರುಪಿ ಕೂಡಿಸುವ ಗುಬುಟುಗಳನ್ನು ಮಾಡಿಕೊಟ್ಟಿದ್ದನು. ನೆಲ ಒದ್ದೆಯಾದರೆ ಉದ್ದನೆಯವನ್ನು ಹಾಕಿಕೊಳ್ಳಬಹುದಾಗಿತ್ತು. ಎಕೆಲ್ ಎಂಬ ಯುವಕನನ್ನು ಹಿಡೆಕುಟಿಯ ನೆರಳಾಗಿರುವಂತೆಯೂ, ಮಾಯ್ ಎಂಬವನನ್ನು ಕೋಚಿಷನ ಜತೆ ಬಿಡದೆ ಇರುವಂತೆಯೂ ನೇಮಿಸಲಾಗಿತ್ತು. ಇಂಗ್ಲೆಂಡಿನವರು ಅಂಗಿಯ ಅಂಕಿಯನ್ನು ಕಾದರು. ಹೆರ್ಬರ್ಗರನು ಮನುಷ್ಯನನ್ನು ಕಾಯಿಸಿದನು. ಹಂಗೇರಿಯ ತರಬೇತುದಾರ ಸೆಬೆಷ್ ಕೂಡ ಸುಮ್ಮನಿರಲಿಲ್ಲ. ಗಿಣ್ಣಿನ ನೋವು ಪೂರ್ತಿ ಮಾಯದ ಪುಷ್ಕಾಷನನ್ನು ಕಣಕ್ಕೆ ಇಳಿಸಿದನು. ಎಡಬದಿಯ ಚಿಬೊರನನ್ನು ಬಲಬದಿಗೆ ಕಳಿಸಿದನು. ಗೆಲ್ಲುತ್ತಿರುವ ವ್ಯೂಹವನ್ನು ಅವನೇಕೆ ಕದಲಿಸಿದನೆಂದು ಹಂಗೇರಿಯವರು ಬಹುಕಾಲ ಕೇಳುತ್ತಲೇ ಇದ್ದರು.

ಆರನೆಯ ನಿಮಿಷಕ್ಕೆ ಪುಷ್ಕಾಷ್, ಎಂಟನೆಯ ನಿಮಿಷಕ್ಕೆ ಚಿಬೊರ್, ೨-೦. ಜಗತ್ತಿನ ಜ್ಯೋತಿಷಿಗಳೆಲ್ಲ ಆ ಎರಡು ನಿಮಿಷ ಮೀಸೆ ತಿರುವಿರಬೇಕು. ಹತ್ತನೆಯ ನಿಮಿಷದಲ್ಲಿ ಮೊರ್ಲಾಕ್, ಹದಿನೆಂಟನೆಯದರಲ್ಲಿ ರಾನ್, ೨-೨. ಆಮೇಲೆ ಹಂಗೇರಿಯವರು ಅಲೆಯ ಮೇಲೆ ಅಲೆಯಾಗಿ ಬಂದರು. ಕಂಬಕ್ಕೆ ಒಮ್ಮೆ, ಅಡ್ಡಪಟ್ಟಿಗೆ ಒಮ್ಮೆ ಚೆಂಡು ಬಡಿಯಿತು. ಟುರೆಕ್ ಹಾರಿ ಹಾರಿ ಹಿಡಿದನು. ಆಟ ಮುಗಿಯಲು ಆರು ನಿಮಿಷವಿರುವಾಗ ರಾನನ ಎಡಗಾಲಿನಿಂದ ಹೊರಟ ತಗ್ಗಿನ ಹೊಡೆತ ಗೋಲಿನ ಮೂಲೆಯನ್ನು ಸೇರಿತು. ಅದರ ಹಿಂದೆಯೇ ಪುಷ್ಕಾಷನು ಸರಿಗಟ್ಟುವ ಗೋಲನ್ನು ಹೊಡೆದನು. ಆದರೆ ವೇಲ್ಸಿನ ಲೈನ್ಸ್‌ಮನ್ನನ ಬಾವುಟ ಮೇಲೆದ್ದಿತ್ತು. ಆಫ್‌ಸೈಡ್! ೩-೨.

ನಾಲ್ಕು ವರ್ಷಗಳಲ್ಲಿ ಹಂಗೇರಿಯವರು ಸೋತದ್ದು ಈ ಒಂದೇ ಪಂದ್ಯ. ಅದೂ ಸೋಲಲೇಬಾರದಾಗಿದ್ದ ಪಂದ್ಯ. ಫಲ ನುಡಿದವರು ದಡ್ಡರಾಗಿದ್ದರೇ? ಇಲ್ಲ. ಅವರು ನಂಬಿದ ದಾಖಲೆ ಸುಳ್ಳಾಗಿರಲಿಲ್ಲ. ಒಂದೊಂದು ಗೋಲೂ ನಿಜವಾಗಿ ಹೊಡೆದದ್ದೇ. ಎಂಟು ಗೋಲಿನ ಸೋಲನ್ನು ಕೈಯಾರೆ ಕೊಂಡುಕೊಂಡು ಬಚ್ಚಿಟ್ಟವನೊಬ್ಬನಿದ್ದನು, ಅಷ್ಟೆ.

ನಮ್ಮವರೂ ಒಮ್ಮೆ ಇದೇ ರೀತಿ ಪಂಡಿತರ ಲೆಕ್ಕವನ್ನು ಕೆಡಿಸಿದ್ದುಂಟು. ಇಂದಿನ ತರುಣರಿಗೆ ಹೇಳಿದರೆ ಹುಬ್ಬೇರಿಸುತ್ತಾರೆ, ಆದರೂ ಹೇಳಬೇಕು. ೧೯೬೨ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ಭಾರತ ತಂಡವು ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯದ ಎದುರು ೦-೨ರಿಂದ ಸೋತಿತು. ಕೊರಿಯದವರು ಎರಡು ಬಾರಿ ಏಷ್ಯ ಕಪ್ಪನ್ನು ಗೆದ್ದಿದ್ದವರು. ಸೆಪ್ಟೆಂಬರ್ ೪ರಂದು ಅಂತಿಮ ಪಂದ್ಯದಲ್ಲಿ ಅದೇ ಕೊರಿಯ ಮತ್ತೆ ಎದುರು ನಿಂತಿತು. ಇಸ್ರೇಲ್ ಮತ್ತು ತೈವಾನುಗಳನ್ನು ಕ್ರೀಡೆಗಳಿಂದ ಹೊರಗಿಟ್ಟುದನ್ನು ಭಾರತದ ಕ್ರೀಡಾಧಿಕಾರಿಯೊಬ್ಬರು ಆಕ್ಷೇಪಿಸಿದ್ದರಿಂದ ಜಕಾರ್ತದ ಜನ ನಮ್ಮವರ ಮೇಲೆ ಕೆರಳಿದ್ದರು. ಕ್ರೀಡಾಂಗಣ ತುಂಬ ಕೂಗು, ಅಣಕ.

ನಮ್ಮ ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಸಾಹೇಬರು, ಮೊದಲು ಶಾಲೆಯ ಉಪಾಧ್ಯಾಯರಾಗಿದ್ದವರು. ೧೯೫೬ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತವನ್ನು ನಾಲ್ಕನೆಯ ಸ್ಥಾನಕ್ಕೆ ಏರಿಸಿದ ಕೀರ್ತಿ ಅವರದು. ಜಕಾರ್ತದಲ್ಲಿ ಅವರಿಗೆ ಒಂದು ವಿಷಮ ಪ್ರಶ್ನೆ ಬಂದೊದಗಿತ್ತು. ರಕ್ಷಣೆಯ ಬಂಡೆಯಂತಿದ್ದ ಜರ್ನೈಲ್ ಸಿಂಗರಿಗೆ ಥಾಯ್ಲೆಂಡಿನ ಮೇಲಿನ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಲಾಗಿತ್ತು. ಅಂಥವರನ್ನು ಹಿಂದೆ ನಿಲ್ಲಿಸಿದರೆ ಅಪಾಯ, ಕೂರಿಸಿದರೆ ನಷ್ಟ. ರಹೀಮ್ ಸಾಹೇಬರು ಮೂರನೆಯ ದಾರಿ ಹಿಡಿದರು; ಬ್ಯಾಕ್ ಆಟಗಾರರನ್ನು ಸೆಂಟರ್ ಫಾರ್ವರ್ಡಾಗಿ ಮುಂದೆ ಕಳಿಸಿದರು! ತಲೆಗೆ ಪಟ್ಟಿ ಕಟ್ಟಿಕೊಂಡ ಈ ಆಜಾನುಬಾಹು ಮುಂದೆ ಬಂದು ನಿಂತಾಗ ಅವರನ್ನು ಕಾಯುವ ಬಗೆಯನ್ನು ಕೊರಿಯದವರು ಯಾವ ಹಳೆಯ ಪಂದ್ಯದಿಂದ ಕಲಿತಿರಬೇಕು? ಹದಿನೇಳನೆಯ ನಿಮಿಷಕ್ಕೆ ಪಿ. ಕೆ. ಬ್ಯಾನರ್ಜಿಯವರ ಗೋಲು; ಮೂರು ನಿಮಿಷಗಳ ಬಳಿಕ ಜರ್ನೈಲರದು. ಕೊರಿಯ ಕೊನೆಯ ಗಳಿಗೆಗಳಲ್ಲಿ ಒಂದನ್ನು ಮರಳಿಸಿತು, ಅಷ್ಟೆ. ೨-೧ರಿಂದ ಭಾರತಕ್ಕೆ ಚಿನ್ನ. ರಹೀಮ್ ಸಾಹೇಬರ ದೇಹವನ್ನು ಅರ್ಬುದ ರೋಗ ತಿನ್ನುತ್ತಿತ್ತು. ೧೯೬೩ರ ಜೂನ್ ತಿಂಗಳಲ್ಲಿ ಅವರು ತೀರಿಕೊಂಡರು. ಏಷ್ಯನ್ ಕ್ರೀಡೆಗಳ ಕಾಲ್ಚೆಂಡಾಟದ ಚಿನ್ನ ಆಮೇಲೆ ಭಾರತಕ್ಕೆ ಮರಳಿ ಬಂದಿಲ್ಲ.

ಇನ್ನು ನಾನೇ ಕಣ್ಣಾರೆ ಕಂಡ ಒಬ್ಬ ಪಂಡಿತರ ವಿಷಯ. ನಮ್ಮ ಬೀದಿಯಲ್ಲಿ ನಿವೃತ್ತ ಗಣಿತದ ಮೇಷ್ಟರೊಬ್ಬರಿದ್ದಾರೆ. ವಿಶ್ವಕಪ್ ಬಂತೆಂದರೆ ಅವರ ಜಗುಲಿ ಯುದ್ಧಭೂಮಿಯ ನಕ್ಷೆಯಾಗುತ್ತದೆ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಮೈದಾನ ಬರೆದು, ಒಂದು ತಂಡಕ್ಕೆ ಹುಣಿಸೆಬೀಜ, ಇನ್ನೊಂದಕ್ಕೆ ಕವಡೆ ಇಟ್ಟು ಅವರು ನಡೆಸುವ ವ್ಯಾಖ್ಯಾನವನ್ನು ಕೇಳಲು ಪಡ್ಡೆ ಹುಡುಗರಿಂದ ಹಿಡಿದು ಹಾಲಿನವನವರೆಗೆ ಎಲ್ಲರೂ ಸೇರುತ್ತಾರೆ. ೨೦೨೨ರ ಡಿಸೆಂಬರ್ ೧೭ರ ಸಂಜೆ ನಾನೂ ಅಲ್ಲಿದ್ದೆ. ಮರುದಿನ ಕತಾರಿನ ಲುಸೈಲ್ ಕ್ರೀಡಾಂಗಣದಲ್ಲಿ ಆರ್ಜೆಂಟೀನ–ಫ್ರಾನ್ಸ್ ಪಂದ್ಯ.

“ನೋಡಿ ಸ್ವಾಮಿ,” ಎಂದು ಮೇಷ್ಟರು ಒಂದು ಕವಡೆಯನ್ನು ಹಾಳೆಯ ಅಂಚಿಗೆ ಸರಿಸಿದರು. “ಫ್ರಾನ್ಸಿನ ಜೀವಾಳ ಈ ಎಡಬದಿಯ ಎಂಬಾಪೆ. ಅವನು ಓಡಿದರೆ ಹಿಡಿಯುವವರಿಲ್ಲ. ಆರ್ಜೆಂಟೀನದವರು ತಮ್ಮ ಬಲಬದಿಗೆ ಇಬ್ಬರನ್ನಾದರೂ ಕಟ್ಟಿಹಾಕಲೇಬೇಕು. ಆಗ ಅವರ ಎಡಬದಿ ಬಡವಾಗುತ್ತದೆ. ಡಿ ಮರಿಯ ಗಾಯಾಳು; ನಾಕೌಟ್ ಹಂತದಲ್ಲಿ ಮೊದಲಿನಿಂದ ಆಡಿಯೇ ಇಲ್ಲ. ಆದುದರಿಂದ ದಾಳಿಯೆಲ್ಲ ಮೆಸ್ಸಿಯ ಮೂಲಕ ನಡುವಿನಿಂದಲೇ ಬರಬೇಕು.”

“ಎಡಬದಿಯಿಂದ ಬಂದರೆ, ಮೇಷ್ಟ್ರೇ?” ಎಂದು ಹುಡುಗನೊಬ್ಬನು ಕೇಳಿದನು.

“ಯಾರು ಬರುತ್ತಾರಯ್ಯ? ಇರುವ ಹನ್ನೊಂದು ಬೀಜ ಎಣಿಸಿಕೋ!” ಎಂದರು ಮೇಷ್ಟರು.

ಮರುದಿನ ರಾತ್ರಿ ಎಂಟೂವರೆಗೆ ತಂಡಗಳು ಕಣಕ್ಕಿಳಿದಾಗ ಆರ್ಜೆಂಟೀನದ ಎಡಬದಿಯಲ್ಲಿ ನಿಂತಿದ್ದವನು ಡಿ ಮರಿಯ! ತರಬೇತುದಾರ ಸ್ಕಲೋನಿ ಅವನನ್ನು ಅಂತಿಮ ಪಂದ್ಯಕ್ಕೆಂದೇ ಉಳಿಸಿಟ್ಟವನಂತೆ ಹೊರತೆಗೆದಿದ್ದನು. ಅವನನ್ನು ಕೆಡವಿದ್ದಕ್ಕೆ ದೊರೆತ ಪೆನಾಲ್ಟಿಯಿಂದ ಮೆಸ್ಸಿಯ ಮೊದಲ ಗೋಲು. ಮೂವತ್ತಾರನೆಯ ನಿಮಿಷದಲ್ಲಿ ಡಿ ಮರಿಯನದೇ ಎರಡನೆಯದು. ಫ್ರಾನ್ಸಿನ ತರಬೇತುದಾರ ದೆಷಾಂ ವಿರಾಮಕ್ಕೂ ಕಾಯದೆ ನಲವತ್ತೊಂದನೆಯ ನಿಮಿಷಕ್ಕೆ ಇಬ್ಬರನ್ನು ಬದಲಾಯಿಸಿದನು. ಫ್ರಾನ್ಸಿನವರು ಒಂದು ಗಂಟೆ ಕಾಲ ಗೋಲಿನತ್ತ ಒಂದು ಹೊಡೆತವನ್ನೂ ಹೊಡೆಯಲಾರದೆ ಒದ್ದಾಡಿದರು. ಮೇಷ್ಟರ ಮನೆಯ ದೂರದರ್ಶನದ ಮುಂದೆ ಹುಡುಗರು ಅವರ ಮುಖವನ್ನೇ ನೋಡುತ್ತಿದ್ದರು. ಮೇಷ್ಟರು ಕನ್ನಡಕ ಒರೆಸಿಕೊಂಡರು.

ಅರವತ್ತನಾಲ್ಕನೆಯ ನಿಮಿಷದಲ್ಲಿ ಡಿ ಮರಿಯನನ್ನು ಹೊರಗೆ ಕರೆಸಿಕೊಂಡರು. ಎಂಬತ್ತು ಮತ್ತು ಎಂಬತ್ತೊಂದನೆಯ ನಿಮಿಷಗಳಲ್ಲಿ, ಎರಡೇ ನಿಮಿಷದೊಳಗೆ, ಎಂಬಾಪೆ ಎರಡು ಗೋಲು ಹೊಡೆದನು. ಹೆಚ್ಚುವರಿ ವೇಳೆಯಲ್ಲಿ ಮೆಸ್ಸಿ ಒಂದು, ಎಂಬಾಪೆ ಒಂದು, ೩-೩. ಕೊನೆಯ ಉಸಿರಿನಲ್ಲಿ ಕೋಲೊ ಮುವಾನಿ ಒಬ್ಬನೇ ಗೋಲಿನ ಮುಂದೆ ಬಂದಾಗ, ಗೋಲ್‌ಕೀಪರ್ ಮಾರ್ಟಿನೆಜ್ ಚಾಚಿದ ಎಡಗಾಲಿಗೆ ಚೆಂಡು ತಗುಲಿತು. ಆ ಕಾಲು ನಾಲ್ಕು ಬೆರಳು ಅಗಲ ಆಚೆಗಿದ್ದಿದ್ದರೆ ಕಪ್ಪು ಪ್ಯಾರಿಸಿಗೆ ಹೋಗುತ್ತಿತ್ತು. ಪೆನಾಲ್ಟಿಗಳಲ್ಲಿ ಆರ್ಜೆಂಟೀನಕ್ಕೆ ೪-೨ರ ಜಯ. ಇದೇ ಆರ್ಜೆಂಟೀನ ತನ್ನ ಮೊದಲ ಪಂದ್ಯದಲ್ಲಿ ಸೌದಿ ಅರೇಬಿಯಕ್ಕೆ ೧-೨ರಿಂದ ಸೋತಿತ್ತೆಂಬುದನ್ನು ವಾಚಕರು ಮರೆತಿರಲಾರರು. ಬರ್ನ್, ಜಕಾರ್ತ, ಲುಸೈಲ್ ಮೂರು ಕಡೆಯೂ ಮೊದಲ ಸುತ್ತಿನಲ್ಲಿ ಬಿದ್ದು ಎದ್ದವರೇ ಕಪ್ಪನ್ನು ಎತ್ತಿದರು. ಇದರಿಂದ ಸಿದ್ಧಾಂತವೊಂದನ್ನು ಹೆಣೆಯಲು ನನಗೆ ಮನಸ್ಸಿಲ್ಲ. ಹೆಣೆದರೆ ಮುಂದಿನ ವಿಶ್ವಕಪ್ಪು ಅದನ್ನೇ ಮುರಿದೀತು.

ಮೇಷ್ಟರು ಮರುದಿನ ಬೆಳಿಗ್ಗೆ ಹುಣಿಸೆಬೀಜಗಳನ್ನು ಡಬ್ಬಿಗೆ ತುಂಬುತ್ತ, “ಎಂಬಾಪೆಯ ವಿಷಯ ನಾನು ಹೇಳಿದ್ದೆನೋ ಇಲ್ಲವೋ?” ಎಂದರು. ಹೇಳಿದ್ದರು, ನಿಜ. ಕಾಫಿ ತರಿಸಿಕೊಟ್ಟರು. ಹುಡುಗರು ನಕ್ಕರು. ಅಲ್ಲಿಗೆ ಆ ಭವಿಷ್ಯದ ವ್ಯವಹಾರ ಮುಗಿಯಿತು.

ಎಲ್ಲ ಕಡೆಯೂ ಅದು ಹಾಗೆ ಕಾಫಿಯಲ್ಲಿ ಮುಗಿಯುವುದಿಲ್ಲವೆಂಬುದೇ ನನ್ನನ್ನು ಕಾಡುವ ಸಂಗತಿ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ನಾವು ನಗುತ್ತೇವೆ. ಆದರೆ ಪಾಪ, ಉತ್ತರಕುಮಾರನು ಆಡಿದ ಮಾತಿಗೆ ತಾನೇ ರಥವೇರಿ ರಣಕ್ಕೆ ಹೋಗಬೇಕಾಯಿತು. ಕೌರವ ಸೇನೆಯನ್ನು ಕಂಡು ನಡುಗಿದ್ದೂ ಅವನ ತೊಡೆಗಳೇ. ಅಂತಿಮ ಪಂದ್ಯದ ಫಲ ನುಡಿಯುವವರಿಗೆ ಆ ಕಷ್ಟವಿಲ್ಲ. ಭವಿಷ್ಯ ಸುಳ್ಳಾದರೆ ದಂಡ ತೆರುವವನು ಬೇರೆ ಯಾವನೋ. ಬರ್ನಿನ ಸೋಲಿನ ಸುದ್ದಿ ಬಂದಾಗ ಬುಡಾಪೆಸ್ಟಿನ ಜನ ಕೆರಳಿ ಬೀದಿಗಿಳಿದರು. ಗೆಲುವನ್ನು ಮನಸ್ಸಿನಲ್ಲಿ ಆಗಲೇ ಅನುಭವಿಸಿಬಿಟ್ಟಿದ್ದವರಿಗೆ ಅದು ಸೋಲಾಗಿರಲಿಲ್ಲ, ಕಳವಾಗಿತ್ತು. ಕಳವಾದ ಮೇಲೆ ಕಳ್ಳನು ಬೇಕಲ್ಲವೆ?

ಅಂಥ ಕಳ್ಳನೊಬ್ಬನನ್ನು ಬ್ರೆಜಿಲ್ ದೇಶ ೧೯೫೦ರಲ್ಲಿಯೇ ಹುಡುಕಿಕೊಂಡಿತ್ತು.

ಆ ವರ್ಷದ ವಿಶ್ವಕಪ್ಪಿನಲ್ಲಿ ಕೊನೆಗೆ ನಾಲ್ಕು ತಂಡಗಳು ಪರಸ್ಪರ ಆಡಿ ಅಂಕ ಗಳಿಸುವ ಪದ್ಧತಿಯಿತ್ತು. ಆದರೂ ಜುಲೈ ೧೬ರ ಬ್ರೆಜಿಲ್–ಉರುಗ್ವೆ ಪಂದ್ಯವೇ ನಿರ್ಣಾಯಕವಾಗಿ, ಅಂತಿಮ ಪಂದ್ಯದಂತೆಯೇ ಆಯಿತು. ಬ್ರೆಜಿಲಿಗೆ ಸಮಬಲವಾದರೂ ಸಾಕಾಗಿತ್ತು. ಸ್ವೀಡನ್ನನ್ನು ೭-೧, ಸ್ಪೇನನ್ನು ೬-೧ ಅಂತರದಿಂದ ಅವರು ಅರೆದಿದ್ದರು. ಉರುಗ್ವೆಯಾದರೋ ಸ್ಪೇನಿನೊಡನೆ ೨-೨ ಸಮ ಮಾಡಿಕೊಂಡು, ಸ್ವೀಡನ್ನನ್ನು ಪ್ರಯಾಸದಿಂದ ೩-೨ರಲ್ಲಿ ದಾಟಿತ್ತು. ಲೆಕ್ಕ ಹಾಕಲು ಬೆರಳೂ ಬೇಡ. ರಿಯೋ ನಗರದ ಪತ್ರಿಕೆಯೊಂದು ಪಂದ್ಯಕ್ಕೆ ಮೊದಲೇ ಬ್ರೆಜಿಲ್ ತಂಡದ ಚಿತ್ರವನ್ನು ಅಚ್ಚುಹಾಕಿ, ಇವರೇ ವಿಶ್ವವಿಜೇತರು ಎಂದು ಬರೆಯಿತು. ನಗರದ ಮುಖ್ಯಸ್ಥನು ಆಟ ಆರಂಭವಾಗುವ ಮುನ್ನವೇ ಆಟಗಾರರನ್ನು ಗೆದ್ದವರೆಂದು ಸಂಬೋಧಿಸಿ ಭಾಷಣ ಮಾಡಿದನು. ಕಪ್ಪನ್ನು ಕೊಡಬೇಕಾದ ಜೂಲ್ ರಿಮೆ ಪೋರ್ಚುಗೀಸ್ ಭಾಷೆಯಲ್ಲಿ ಅಭಿನಂದನೆಯ ಮಾತುಗಳನ್ನು ಸಿದ್ಧಪಡಿಸಿಕೊಂಡಿದ್ದನು. ಅದೇ ಮೇ ತಿಂಗಳಲ್ಲಿ ಉರುಗ್ವೆಯವರು ಬ್ರೆಜಿಲಿಗೇ ಬಂದು ಮೂರು ಪಂದ್ಯಗಳಲ್ಲಿ ಒಂದನ್ನು ೪-೩ರಿಂದ ಗೆದ್ದು ಹೋಗಿದ್ದರೆಂಬುದು ಯಾರಿಗೂ ನೆನಪಾದಂತೆ ಕಾಣಲಿಲ್ಲ. ಹಿಂದಿನ ಆಟಗಳನ್ನು ನಂಬುವವರು ಕೂಡ ತಮಗೆ ರುಚಿಸಿದ ಹಿಂದಿನ ಆಟಗಳನ್ನೇ ನಂಬುತ್ತಾರೆ.

ಆ ಪತ್ರಿಕೆಯ ಪ್ರತಿಗಳನ್ನು ಉರುಗ್ವೆಯ ನಾಯಕ ಒಬ್ಡುಲಿಯೊ ವರೇಲ ಕೊಂಡು ತಂದು, ತನ್ನ ಸಂಗಡಿಗರು ಅವುಗಳಿಗೆ ಎಂಥ ಮರ್ಯಾದೆ ಮಾಡಬೇಕೆಂದು ಶೌಚಗೃಹದಲ್ಲಿ ಹರವಿ ತೋರಿಸಿದನೆಂದು ಹೇಳುತ್ತಾರೆ. ಅದನ್ನು ಇಲ್ಲಿ ವಿವರಿಸುವುದು ಸಭ್ಯತೆಯಲ್ಲ. ಮರಕಾನ ಕ್ರೀಡಾಂಗಣದಲ್ಲಿ ಟಿಕೆಟು ಕೊಂಡು ಕುಳಿತವರೇ ೧,೭೩,೮೫೦ ಮಂದಿ. ಎರಡನೆಯ ಅರ್ಧ ಆರಂಭವಾಗುತ್ತಲೇ ಫ್ರಿಯಾಸ ಗೋಲು ಹೊಡೆದನು. ವರೇಲ ಚೆಂಡನ್ನು ಬಗಲಿಗಿಟ್ಟುಕೊಂಡು ನಿಧಾನವಾಗಿ ನಡೆದು, ಇಂಗ್ಲಿಷ್ ರೆಫರಿಯೊಡನೆ ಆಫ್‌ಸೈಡೆಂದು ವಾದಕ್ಕೆ ನಿಂತನು. ಗೋಲು ರದ್ದಾಗುವುದೆಂಬ ಭ್ರಮೆ ಅವನಿಗಿರಲಿಲ್ಲ. ಆ ಜನಸಾಗರದ ಆರ್ಭಟ ತಣ್ಣಗಾಗಲೆಂದು ಕಾಲ ನೂಕಿದನು.

ಅರವತ್ತಾರನೆಯ ನಿಮಿಷ. ಉರುಗ್ವೆಯ ಬಲಬದಿಯ ಗಿಜ್ಜ, ತನ್ನನ್ನು ಕಾಯುತ್ತಿದ್ದ ಬಿಗೋಡೆಯನ್ನು ದಾಟಿ ಅಂಚಿನವರೆಗೆ ಓಡಿ ಚೆಂಡನ್ನು ನಡುವಿಗೆ ಕೊಟ್ಟನು. ಸ್ಕಿಯಫೀನೊ ಅದನ್ನು ಗೋಲಿಗೆ ಹೊಡೆದನು. ೧-೧. ಎಪ್ಪತ್ತೊಂಬತ್ತನೆಯ ನಿಮಿಷ. ಅದೇ ಗಿಜ್ಜ, ಅದೇ ಬದಿ, ಅದೇ ಓಟ. ಬ್ರೆಜಿಲಿನ ಗೋಲ್‌ಕೀಪರ್ ಮೊಆಸಿರ್ ಬರ್ಬೋಸನ ಮುಂದೆ ಆ ಕ್ಷಣದಲ್ಲಿ ಇದ್ದುದೂ ನಮ್ಮ ಮೇಷ್ಟರ ಮುಂದೆ ಇದ್ದ ಪ್ರಶ್ನೆಯೇ: ಇವನು ಈಗ ಏನು ಮಾಡುವನು? ಉತ್ತರಕ್ಕೆ ಆಧಾರವಾಗಿ ಅವನಲ್ಲಿದ್ದುದು ಹದಿಮೂರು ನಿಮಿಷಗಳ ಹಿಂದಿನ ಗೋಲು. ಹೋದ ಸಲ ನಡುವಿಗೆ ಕೊಟ್ಟವನು ಈ ಸಲವೂ ನಡುವಿಗೇ ಕೊಡುವನು. ಬರ್ಬೋಸ ಹತ್ತಿರದ ಕಂಬದಿಂದ ಒಂದು ಹೆಜ್ಜೆ ಆಚೆಗೆ ಸರಿದನು. ಗಿಜ್ಜ ಆ ಕಂಬಕ್ಕೂ ಅವನಿಗೂ ನಡುವೆ ತೆರೆದ ಸಂದಿಗೆ ಚೆಂಡನ್ನು ಹೊಡೆದನು.

ಆ ಸಂಜೆ ಬ್ರೆಜಿಲಿನಲ್ಲಿ ಊಹೆ ಮಾಡದವರಾರು? ಪತ್ರಿಕೆಯವರು ಮಾಡಿದ್ದರು, ನಗರದ ಮುಖ್ಯಸ್ಥನು ಮಾಡಿದ್ದನು, ಲಕ್ಷಗಟ್ಟಲೆ ಜನ ಮಾಡಿದ್ದರು. ಅವರೆಲ್ಲರ ಊಹೆಗಿಂತ ಬರ್ಬೋಸನದು ಹೆಚ್ಚು ವಿವೇಕದ್ದಾಗಿತ್ತೆಂದೇ ನನ್ನ ಎಣಿಕೆ. ಅವನಿಗೆ ಯೋಚಿಸಲು ಇದ್ದುದು ಒಂದು ನಿಮಿಷವೂ ಅಲ್ಲ, ಮುಖದ ಮುಂದೆ ಬಂದು ನಿಂತ ಸಾಕ್ಷಿಯನ್ನೇ ಅವನು ನಂಬಿದ್ದನು. ಆದರೆ ಪತ್ರಿಕೆಯವರು ಮರುದಿನ ಬೇರೆ ಪತ್ರಿಕೆಯನ್ನು ಅಚ್ಚುಹಾಕಿದರು. ಬ್ರೆಜಿಲಿನವರು ಆ ಶಕುನದ ಬಿಳಿಯ ಅಂಗಿಯನ್ನೇ ಕೆಲವು ವರ್ಷಗಳಲ್ಲಿ ಕಳಚಿ, ಇಂದು ಜಗತ್ತು ಬಲ್ಲ ಹಳದಿ ಅಂಗಿಯನ್ನು ತೊಟ್ಟರು. ೧೯೫೮ರಲ್ಲಿ, ೧೯೬೨ರಲ್ಲಿ, ೧೯೭೦ರಲ್ಲಿ ಕಪ್ಪನ್ನು ಗೆದ್ದರು. ಬರ್ಬೋಸನಿಗೆ ಮಾತ್ರ ಕಳಚಿಡಲು ಬೇರೆ ಚರ್ಮವಿರಲಿಲ್ಲ. ಕರಿಯ ಬಣ್ಣದವನಾದುದರಿಂದ ಅವನ ತಪ್ಪು ಇಮ್ಮಡಿಯಾಯಿತೆಂದು ಆ ದೇಶದವರೇ ಬರೆದಿದ್ದಾರೆ. ೧೯೯೩ರಲ್ಲಿ ಅವನು ಬ್ರೆಜಿಲ್ ತಂಡದ ತರಬೇತಿಯ ಶಿಬಿರಕ್ಕೆ ಹೋದಾಗ, ಅಪಶಕುನವಾದೀತೆಂದು ಒಳಗೆ ಬಿಡಲಿಲ್ಲವೆಂದು ಪತ್ರಿಕೆಗಳು ವರದಿ ಮಾಡಿದವು. ಬ್ರೆಜಿಲಿನ ಕಾನೂನಿನಲ್ಲಿ ಅತಿ ದೊಡ್ಡ ಶಿಕ್ಷೆ ಮೂವತ್ತು ವರ್ಷ, ತಾನಾದರೋ ಮಾಡದ ಅಪರಾಧಕ್ಕೆ ಐವತ್ತು ವರ್ಷ ಅನುಭವಿಸುತ್ತಿದ್ದೇನೆ ಎಂಬುದು ಅವನು ಕೊನೆಗಾಲದಲ್ಲಿ ಹೇಳಿದ ಮಾತು.

ಬರ್ಬೋಸ ೨೦೦೦ದ ಏಪ್ರಿಲಿನಲ್ಲಿ ಸತ್ತನು. ಆ ದಿನದ ಇಪ್ಪತ್ತೆರಡು ಆಟಗಾರರಲ್ಲಿ ಕೊನೆಯವರೆಗೆ ಬದುಕಿ ಉಳಿದವನು ಗಿಜ್ಜ. ೨೦೧೫ರಲ್ಲಿ ಅವನೂ ಕಣ್ಮುಚ್ಚಿದನು. ಅಂದು ಜುಲೈ ೧೬, ಮರಕಾನದ ಪಂದ್ಯಕ್ಕೆ ಸರಿಯಾಗಿ ಅರವತ್ತೈದು ವರ್ಷ. ಅದನ್ನು ಯಾವ ಜ್ಯೋತಿಷಿಯೂ ಮೊದಲೇ ಹೇಳಿರಲಿಲ್ಲ.